ಫೈಬರ್ ದೋಣಿಯ ಅಂಚು ಬಾಯಿಬಿಟ್ಟಾಗ

ಮೇಲೆ ಡೆಕ್ಕು ಇರುವ ಫೈಬರ್‌ಗ್ಲಾಸಿನ ಮೋಟಾರು ದೋಣಿ ಹುಟ್ಟುವಾಗ ಎರಡು ತುಂಡುಗಳಾಗಿಯೇ ಹುಟ್ಟುತ್ತದೆ. ನೀರಿನಲ್ಲಿ ಮುಳುಗಿರುವ, ಅಲೆಯನ್ನು ಸೀಳುವ ಕೆಳಗಿನ ಭಾಗವಾದ ಒಡಲನ್ನು ಒಂದು ಅಚ್ಚಿನಲ್ಲಿಯೂ, ಜನ ನಿಲ್ಲುವ ಮತ್ತು ಸಾಮಾನು ಇಡುವ ಮೇಲಿನ ಹಾಸಾದ ಡೆಕ್ಕನ್ನು ಇನ್ನೊಂದು ಅಚ್ಚಿನಲ್ಲಿಯೂ ಪ್ರತ್ಯೇಕವಾಗಿ ತಯಾರಿಸಿ, ಗಟ್ಟಿಯಾದ ಮೇಲೆ ಒಂದರ ಮೇಲೊಂದನ್ನಿಟ್ಟು, ಮೂತಿಯಿಂದ ಹಿಂಬದಿಯವರೆಗೆ ಎರಡೂ ಮಗ್ಗುಲಿನ ಅಂಚುಗಳನ್ನು ಕೂಡಿಸಲಾಗುತ್ತದೆ. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪದ ಕಡೆಗೆ ಪ್ರವಾಸಿಗರನ್ನು ಒಯ್ಯುವ ವೇಗದ ದೋಣಿಯಾಗಲಿ, ಮೂತಿಯಲ್ಲಿ ಮಾತ್ರ ಮೋಟು ಡೆಕ್ಕಿರುವ ಮೀನುಗಾರಿಕೆಯ ಫೈಬರ್ ದೋಣಿಯಾಗಲಿ, ಈ ಅಂಚಿನ ಜೋಡಣೆ ಗಟ್ಟಿಯಾಗಿರುವಷ್ಟು ಕಾಲ ಒಂದೇ ದೇಹವಾಗಿ ನಡೆಯುತ್ತದೆ. ಹತ್ತು ಹದಿನೈದು ವರ್ಷಗಳ ದುಡಿಮೆಯ ಬಳಿಕ ಜೋಡಣೆ ಎಲ್ಲಿಯಾದರೂ ಬಾಯಿಬಿಟ್ಟಿತೆಂದರೆ, ಅದು ಮೊದಲು ಕಣ್ಣಿಗೆ ಬೀಳುವುದು ಒಳಗೆ ತಟಕುವ ನೀರಿನ ರೂಪದಲ್ಲಿ. ಹಾಗೆ ನೀರಾಗಿ ಕಾಣಿಸಿಕೊಳ್ಳುವುದರಿಂದಲೇ ಅದನ್ನು ಬರಿಯ ಸೋರಿಕೆಯೆಂದು ಭಾವಿಸಿ, ಅಂಟು ಮೆತ್ತಿ ಮುಗಿಸುವ ರೂಢಿ ಬೆಳೆದಿದೆ. ಆದರೆ ಈ ಬಿರುಕಿನ ಮೂಲ ನೀರಿನಲ್ಲಿಲ್ಲ, ದೋಣಿಯ ದೇಹ ಹೊರುವ ಬಲದಲ್ಲಿದೆ. ರಿಪೇರಿಯ ಒಂದೊಂದು ಹೆಜ್ಜೆಯೂ ಈ ತಿಳಿವಳಿಕೆಯಿಂದ ಹೊರಟರೆ ಮಾತ್ರ ನಿಲ್ಲುತ್ತದೆ.

ಫೈಬರ್ ಎಂದು ಕರಾವಳಿಯಲ್ಲಿ ಚುಟುಕಾಗಿ ಕರೆಯಲಾಗುವ ವಸ್ತು ಗಾಜಿನ ಎಳೆ ಮತ್ತು ರಾಳ ಸೇರಿ ಆದದ್ದು. ಕೂದಲಿಗಿಂತ ಸಪೂರವಾಗಿ ಎಳೆದ ಗಾಜಿನ ತಂತುಗಳನ್ನು ಚಾಪೆಯಂತೆ ಹರಡಿದರೆ ಅದು ಮ್ಯಾಟ್. ಬಟ್ಟೆಯಂತೆ ನೇಯ್ದರೆ ವೋವನ್ ರೋವಿಂಗ್. ಇವನ್ನು ಅಚ್ಚಿನ ಮೇಲೆ ಪದರಪದರವಾಗಿ ಹಾಸಿ, ಪ್ರತಿ ಪದರಕ್ಕೂ ಪಾಲಿಯೆಸ್ಟರ್ ರೆಸಿನ್ ಎಂಬ ದ್ರವ ರಾಳವನ್ನು ಉಣಿಸಿ, ಅದಕ್ಕೆ ಮೊದಲೇ ಬೆರೆಸಿದ ಹಾರ್ಡ್‌ನರ್‌ನ ಪ್ರಭಾವದಿಂದ ಗಟ್ಟಿಯಾಗಲು ಬಿಡಲಾಗುತ್ತದೆ. ಎಳೆತದ ಬಲವನ್ನು ಗಾಜು ಹೊರುತ್ತದೆ, ಗಾಜನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ಕೆಲಸವನ್ನು ರಾಳ ಮಾಡುತ್ತದೆ. ಹೊರಮೈಯಲ್ಲಿ ಹೊಳೆಯುವ ಬಣ್ಣದ ಪದರವಾದ ಜೆಲ್‌ಕೋಟಿನಲ್ಲಿ ಗಾಜು ಇರುವುದಿಲ್ಲವಾದ್ದರಿಂದ ಅದು ನೀರನ್ನು ತಡೆಯುತ್ತದೆಯೇ ಹೊರತು ಬಲವನ್ನು ತಾಳುವುದಿಲ್ಲ. ಕೊಚ್ಚಿಯಲ್ಲಿ 1957ರಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಮರದ ದೋಣಿಗಳಿಗೆ ಫೈಬರಿನ ಹೊದಿಕೆ ಕೊಡುವ ಪ್ರಯೋಗಗಳನ್ನು ನಡೆಸಿತು. ಔಟ್‌ಬೋರ್ಡ್ ಇಂಜಿನುಗಳು 1980ರ ದಶಕದಲ್ಲಿ ಪಶ್ಚಿಮ ಕರಾವಳಿಯಲ್ಲಿ ಹರಡಿದ ಮೇಲೆ, ಹಗುರವಾದ, ಹುಳ ಹಿಡಿಯದ ಫೈಬರಿನ ಒಡಲು ಮರಕ್ಕಿಂತ ಲಾಭದಾಯಕವೆಂಬುದು ಮೀನುಗಾರರಿಗೂ ಮನದಟ್ಟಾಯಿತು. ಮರದ ದೋಣಿಗೆ ಪ್ರತಿ ವರ್ಷ ಹಲಗೆಯ ಸಂದಿಗಳನ್ನು ನೋಡಿಕೊಳ್ಳಬೇಕಾದ ಅಭ್ಯಾಸವಿತ್ತು. ಫೈಬರಿಗೆ ಸಂದಿಯೇ ಇಲ್ಲವೆಂಬ ನಂಬಿಕೆಯಿಂದ ಆ ಅಭ್ಯಾಸ ಸಡಿಲವಾದದ್ದು ಮಾತ್ರ ಒಳ್ಳೆಯದಾಗಲಿಲ್ಲ, ಏಕೆಂದರೆ ಫೈಬರ್ ದೋಣಿಗೂ ಒಂದು ಸಂದಿ ಇದೆ, ಪೂರ್ತಿ ಡೆಕ್ಕಿದ್ದರೆ ಅದು ದೋಣಿಯ ಸುತ್ತಳತೆಯಷ್ಟೇ ಉದ್ದವಾಗಿದೆ.

ಈ ಸಂದಿಯನ್ನು ಕಟ್ಟುವ ಬಗೆಗಳು ಮುಖ್ಯವಾಗಿ ಮೂರು. ಡೆಕ್ಕಿನ ಅಂಚು ಕೆಳಕ್ಕೆ ಬಾಗಿ ಒಡಲಿನ ಮೇಲಂಚನ್ನು ಹೊರಗಿನಿಂದ ಆವರಿಸುವುದು ಒಂದು ಬಗೆ. ಇದನ್ನು ದೋಣಿ ಕಟ್ಟುವವರು ಶೂಬಾಕ್ಸ್ ಜೋಡಣೆ ಎನ್ನುತ್ತಾರೆ. ಒಡಲಿನ ಅಂಚು ಒಳಕ್ಕೆ ಮಡಚಿ ಅದರ ಮೇಲೆ ಡೆಕ್ಕು ಕೂರುವುದು ಇನ್ನೊಂದು, ಎರಡರ ಅಂಚುಗಳೂ ಹೊರಚಾಚಿ ಒಂದರ ಮೇಲೊಂದು ಕೂಡುವುದು ಮತ್ತೊಂದು. ಯಾವುದೇ ಬಗೆಯಾದರೂ ನಡುವೆ ಪುಟ್ಟಿ ಅಥವಾ ಅಂಟು, ಅದರ ಮೇಲೆ ಸ್ಕ್ರೂ, ರಿವೆಟ್ ಇಲ್ಲವೇ ಬೋಲ್ಟು, ಇವೆಲ್ಲವನ್ನೂ ಮರೆಮಾಡಿ ಹೊರಗಿನ ತಿಕ್ಕಾಟವನ್ನು ತಡೆಯುವ ರಬ್ಬರಿನ ಅಥವಾ ಅಲ್ಯೂಮಿನಿಯಮ್ಮಿನ ಪಟ್ಟಿ ಇರುತ್ತವೆ. ಒಳಗಿನಿಂದಲೂ ಮ್ಯಾಟ್ ಹಾಕಿ ಜೋಡಣೆಯನ್ನು ಬಿಗಿದ ದೋಣಿಗಳು ಬಾಳುತ್ತವೆ. ಅಗ್ಗದ ದರ್ಜೆಯ ತಯಾರಿಯಲ್ಲಿ ಈ ಒಳಪದರವನ್ನು ಬಿಟ್ಟು, ಪುಟ್ಟಿ ಮತ್ತು ಸ್ಕ್ರೂಗಳ ಮೇಲೆಯೇ ಭಾರ ಹಾಕಿರುವುದುಂಟು.

ಡೆಕ್ಕು ಬರಿಯ ಮುಚ್ಚಳವೆಂಬ ಭಾವನೆಯನ್ನು ಇಲ್ಲಿ ಬಿಡಬೇಕಾಗುತ್ತದೆ. ಮೇಲೆ ತೆರೆದಿರುವ ಒಡಲನ್ನು ಎರಡು ತುದಿಗಳಲ್ಲಿ ಹಿಡಿದು ತಿರುಚಿದರೆ ಅದು ಸುಲಭವಾಗಿ ತಿರುಚಿಕೊಳ್ಳುತ್ತದೆ; ಅದೇ ಒಡಲಿನ ಬಾಯನ್ನು ಡೆಕ್ಕಿನಿಂದ ಮುಚ್ಚಿ ಅಂಚುಗಳನ್ನು ಬೆಸೆದರೆ ತಿರುಚುವ ಬಲಕ್ಕೆ ಅದು ಅನೇಕ ಪಟ್ಟು ಹೆಚ್ಚು ಪ್ರತಿರೋಧ ಒಡ್ಡುತ್ತದೆ. ಇಡಿಯ ಬಿದಿರಿನ ಗಳುವನ್ನು ಕೈಯಿಂದ ತಿರುಚಲಾಗದಿದ್ದರೂ, ಅದರ ಒಂದು ಮಗ್ಗುಲನ್ನು ಉದ್ದಕ್ಕೆ ಸೀಳಿದೊಡನೆ ಎಷ್ಟು ಬೇಕಾದರೂ ತಿರುಚಬಹುದಾಗುವುದರ ಕಾರಣ ಇದೇ. ಬಿದಿರಿನ ತೂಕವೂ ದಪ್ಪವೂ ಕಡಿಮೆಯಾಗಿಲ್ಲ, ಸುತ್ತಲೂ ಹರಿಯುತ್ತಿದ್ದ ಬಲದ ದಾರಿ ಒಂದೆಡೆ ಕಡಿದುಹೋಗಿದೆ. ಅಲೆಯ ನೆತ್ತಿ ದೋಣಿಯ ನಡುವಿಗೆ ಬಂದಾಗ ಎರಡು ತುದಿಗಳು ಬಾಗಿ ಡೆಕ್ಕಿನಲ್ಲಿ ಎಳೆತ ಉಂಟಾಗುತ್ತದೆ, ಅಲೆಯ ತಗ್ಗು ನಡುವಿಗೆ ಬಂದಾಗ ಒತ್ತಡ ಉಂಟಾಗುತ್ತದೆ, ಅಲೆ ಓರೆಯಾಗಿ ಬಂದಾಗ ಮೂತಿ ಒಂದು ಕಡೆಗೂ ಹಿಂಬದಿ ಇನ್ನೊಂದು ಕಡೆಗೂ ಹೊರಳಲೆಳಸಿ ತಿರುಚು ಉಂಟಾಗುತ್ತದೆ. ಈ ಮೂರರಲ್ಲಿಯೂ ಒಡಲಿನಿಂದ ಡೆಕ್ಕಿಗೆ, ಡೆಕ್ಕಿನಿಂದ ಒಡಲಿಗೆ ಬಲ ದಾಟಬೇಕಾದ ಏಕೈಕ ಸೇತುವೆ ಅಂಚಿನ ಜೋಡಣೆ. ಅದು ಒಂದು ಮೀಟರಿನಷ್ಟು ಉದ್ದಕ್ಕೆ ಬಿಟ್ಟರೆ ಆ ಮೀಟರಿನ ಪಾಲಿನ ಬಲ ಪಕ್ಕದ ಸ್ಕ್ರೂಗಳ ಮೇಲೆ ಬೀಳುತ್ತದೆ, ಅವು ಸಡಿಲವಾಗುತ್ತವೆ, ದೋಣಿ ಮೊದಲಿಗಿಂತ ಹೆಚ್ಚು ತಿರುಚಿಕೊಳ್ಳುತ್ತದೆ, ಹೆಚ್ಚು ತಿರುಚಿಕೊಂಡಷ್ಟೂ ಬಿರುಕು ಮುಂದೆ ಸರಿಯುತ್ತದೆ. ಒಂದು ಋತುವಿನಲ್ಲಿ ಗೇಣುದ್ದವಿದ್ದದ್ದು ಮುಂದಿನ ಋತುವಿನಲ್ಲಿ ಮಾರುದ್ದವಾಗುವುದು ಹೀಗೆ.

ಜೋಡಣೆ ಬಿಡುವುದಕ್ಕೆ ಉಡುಪಿಯ ಕಡಲಿನಲ್ಲಿ ಅದರದೇ ಕಾರಣಗಳಿವೆ. ಮಲ್ಪೆಯ ದಕ್ಕೆಯಲ್ಲಿ ಸ್ಥಳ ಸಾಲದೆ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ಸಾಲುಸಾಲಾಗಿ ನಿಲ್ಲುತ್ತವೆ. ನೀರು ಏರಿಳಿದಂತೆ ದೊಡ್ಡ ಬೋಟಿನ ಉಕ್ಕಿನ ಅಥವಾ ಮರದ ಅಂಚು ಚಿಕ್ಕ ಫೈಬರ್ ದೋಣಿಯ ಅಂಚನ್ನು ಮೇಲಿನಿಂದ ಅದುಮುತ್ತದೆ, ಇಲ್ಲವೇ ಕೆಳಗಿನಿಂದ ಎಬ್ಬುತ್ತದೆ. ತೂಗುಬಿಟ್ಟ ಹಳೆಯ ಟಯರು ಪಕ್ಕದ ಗುದ್ದನ್ನು ತಡೆದೀತು, ಮೇಲಕ್ಕೆ ಎಬ್ಬುವ ಬಲವನ್ನು ತಡೆಯಲಾರದು. ಅಂಟಿನ ಜೋಡಣೆಗಳ ಸ್ವಭಾವವೇ ಹೀಗಿದೆ: ಎರಡು ಮೈಗಳು ಪರಸ್ಪರ ಜಾರುವಂತೆ ಎಳೆದರೆ ಅವು ಬಹಳ ತಾಳುತ್ತವೆ, ಒಂದು ತುದಿಯಿಂದ ಸುಲಿಯುವಂತೆ ಎಬ್ಬಿದರೆ ಅಲ್ಪ ಬಲಕ್ಕೇ ಬಿಡುತ್ತವೆ. ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ಹೂಳು ತುಂಬಿ ಅಲೆ ಮುರಿಯುವ ದಿನಗಳಲ್ಲಿ, ಇಂಜಿನಿನ ವೇಗಕ್ಕೆ ಮೂತಿ ಎದ್ದು ನೀರಿನ ಮೇಲೆ ಅಪ್ಪಳಿಸುವ ದೋಣಿಗೆ ಬೀಳುವ ಪೆಟ್ಟು ಬೇರೆ ತೆರನದು. ಅಲ್ಲಿ ಒಡಲಿನ ಮಗ್ಗುಲುಗಳು ಕ್ಷಣಕಾಲ ಹೊರಕ್ಕೆ ಉಬ್ಬಿ ಅಂಚಿನ ಸ್ಕ್ರೂಗಳನ್ನು ಎಳೆಯುತ್ತವೆ. ಕಾಪುವಿನ ಸ್ಥಿತಿ ಇನ್ನೂ ಕಠಿಣ. 1901ರಲ್ಲಿ ಕಟ್ಟಿದ ದೀಪಸ್ತಂಭದ ಎರಡೂ ಕಡೆ ಉದ್ದಕ್ಕೆ ಹಬ್ಬಿದ ತೆರೆದ ತೀರದಲ್ಲಿ ಬಂದರಿನ ಆಸರೆ ಇಲ್ಲದೆ, ದೋಣಿಯನ್ನು ತೆರೆಗಳ ನಡುವಿನಿಂದಲೇ ಮರಳಿಗೆ ಏರಿಸಬೇಕಾಗುತ್ತದೆ. ಮೂತಿ ಮರಳಿಗೆ ತಗುಲಿ ಹಿಂಬದಿ ಇನ್ನೂ ನೀರಿನಲ್ಲಿ ತೇಲುತ್ತಿರುವ ಆ ಕೆಲವು ಕ್ಷಣಗಳಲ್ಲಿ ಹಿಂದಿನಿಂದ ಬಂದ ತೆರೆ ದೋಣಿಯನ್ನು ಓರೆಯಾಗಿ ತಿರುಗಿಸಿದರೆ, ಆಳಕಡಲಿನಲ್ಲಿ ಕಾಣದಷ್ಟು ತಿರುಚು ದಡದಲ್ಲೇ ಬಂದೊದಗುತ್ತದೆ.

ಬಿಗಿ ಜೋಡಣೆಯೋ ಬಳುಕುವ ಜೋಡಣೆಯೋ ಎಂಬ ಪ್ರಶ್ನೆ ಈ ಕಡಲಿಗೆ ಹೊಸದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಈ ತೀರದುದ್ದಕ್ಕೂ ಪ್ರಯಾಣ ಮಾಡಿ, ಫಾಕನೂರು ಎಂಬ ಹೆಸರಿನಲ್ಲಿ ಬಾರಕೂರನ್ನು ದಾಖಲಿಸಿರುವ ಇಬ್ನ್ ಬತೂತ, ಭಾರತದ ಮತ್ತು ಯೆಮನ್‌ನ ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದುದನ್ನು ಬರೆದಿದ್ದಾನೆ. ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಗುಲಿದರೆ ಒಡೆಯುತ್ತದೆಂದೂ ಹುರಿಯಿಂದ ಹೊಲಿದದ್ದು ಬಳುಕಿ ಉಳಿಯುತ್ತದೆಂದೂ ಅವನು ಕೊಡುವ ಕಾರಣ ಇಂದಿನ ಅಂಟುಶಾಸ್ತ್ರದ ಪುಸ್ತಕದಲ್ಲಿಯೂ ಸಲ್ಲುವಂಥದ್ದು. ಹೊಲಿದ ಹಡಗಿನಲ್ಲಿ ಎಲ್ಲ ಸಂದಿಗಳೂ ಸಮನಾಗಿ ಬಳುಕುತ್ತಿದ್ದವೆಂಬುದನ್ನು ಇಲ್ಲಿ ಗಮನಿಸಬೇಕು. ಫೈಬರ್ ದೋಣಿಯಲ್ಲಿ ಅಂಚಿನ ಒಂದು ಭಾಗ ಬಿಗಿಯಾಗಿಯೂ ಇನ್ನೊಂದು ಭಾಗ ಮೆತ್ತಗಾಗಿಯೂ ಇದ್ದರೆ ಬಿಗಿಯಾದ ಭಾಗವೇ ಎಲ್ಲ ಬಲವನ್ನೂ ಹೊತ್ತು ಮೊದಲು ಮುರಿಯುತ್ತದೆ. ಅರೆಬರೆ ರಿಪೇರಿಯ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುವುದು ಇದರಿಂದ.

ಅರೆಬರೆ ರಿಪೇರಿಯ ಅತಿ ಸಾಮಾನ್ಯ ಸಾಧನ ಹಾರ್ಡ್‌ವೇರ್ ಅಂಗಡಿಯಲ್ಲಿ ದೊರೆಯುವ ಸಿಲಿಕೋನ್ ಟ್ಯೂಬು. ಬಚ್ಚಲುಮನೆಯ ಟೈಲ್ಸಿಗೆ ಅದು ತಕ್ಕದ್ದೇ ಇರಬಹುದು. ದೋಣಿಯ ಅಂಚಿಗೆ ಮಾತ್ರ ಅದು ಎರಡು ಕೇಡು ಮಾಡುತ್ತದೆ. ಫೈಬರನ್ನು ಅದು ಬಲವಾಗಿ ಹಿಡಿಯುವುದಿಲ್ಲವೆಂಬುದು ಮೊದಲನೆಯದು. ಕಿತ್ತು ತೆಗೆದ ಮೇಲೂ ಮೈಯಲ್ಲಿ ಉಳಿಯುವ ಅದರ ತೆಳುವಾದ ಜಿಡ್ಡಿನ ಮೇಲೆ ರೆಸಿನ್ ಆಗಲಿ ಬಣ್ಣವಾಗಲಿ ಕೂರುವುದಿಲ್ಲವೆಂಬುದು ಎರಡನೆಯದು, ಮತ್ತು ಹೆಚ್ಚು ಕೆಟ್ಟದ್ದು. ಇಂದಿನ ಸುಲಭದ ಕೆಲಸ ನಾಳೆಯ ಸರಿಯಾದ ಕೆಲಸಕ್ಕೆ ಅಡ್ಡಗಾಲಾಗುತ್ತದೆ. ಹೊರಗಿನಿಂದ ಮಾತ್ರ ಮುಚ್ಚಿದ ಬಿರುಕಿನೊಳಗೆ ಸಿಕ್ಕಿಬಿದ್ದ ಉಪ್ಪುನೀರು ಹೊರಹೋಗಲಾರದೆ ಡೆಕ್ಕಿನ ನಡುಪದರದ ಪ್ಲೈವುಡ್ಡನ್ನು ಕೊಳೆಸುವುದು ಬೇರೆ.

ಆದುದರಿಂದ ಕೆಲಸ ಮೊದಲಾಗುವುದು ಬಿರುಕಿನ ನಿಜವಾದ ಉದ್ದವನ್ನು ಕಂಡುಕೊಳ್ಳುವುದರಿಂದ. ಅಂಚಿನ ಪಟ್ಟಿಯನ್ನು ಪೂರ್ತಿಯಾಗಿ ಕಳಚಿ, ಚಿಕ್ಕ ಸುತ್ತಿಗೆಯ ಹಿಡಿಯಿಂದ ಅಥವಾ ದಪ್ಪ ನಾಣ್ಯದಿಂದ ಗೇಣಿಗೊಂದು ಸಲ ತಟ್ಟುತ್ತ ಹೋದರೆ ಬಿಗಿಯಿರುವೆಡೆ ಖಣಿಲೆಂಬ ಸದ್ದೂ ಬಿಟ್ಟಿರುವೆಡೆ ಬೊದ್ದು ಸದ್ದೂ ಕೇಳುತ್ತವೆ. ಸಂದೇಹವಿದ್ದಲ್ಲಿ ಹ್ಯಾಕ್ಸಾ ಬ್ಲೇಡನ್ನು ಸಂದಿಯೊಳಗೆ ತೂರಿಸಿ ನೋಡಲಾಗುತ್ತದೆ. ನೀರಿನ ಪೈಪನ್ನು ಹೊರಗಿನಿಂದ ಹಿಡಿದು ಒಳಗೆ ಒಬ್ಬರು ಟಾರ್ಚಿನೊಡನೆ ಕಾಯುವ ವಿಧಾನವೂ ಉಂಟು, ಆದರೆ ಪೈಪನ್ನು ಕೆಳಗಿನಿಂದ ಮೇಲಕ್ಕೆ, ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ಒಯ್ಯಬೇಕು. ಒಳಗೆ ನೀರು ತಟಕುವ ಜಾಗಕ್ಕೂ ಹೊರಗೆ ಅದು ನುಗ್ಗುವ ಜಾಗಕ್ಕೂ ಅನೇಕ ಸಲ ಒಂದೆರಡು ಮೀಟರುಗಳ ಅಂತರವಿರುತ್ತದೆ. ಕಣ್ಣಿಗೆ ಕಂಡ ಬಿರುಕಿನ ಎರಡೂ ತುದಿಗಳಿಂದ ಮುಂದಕ್ಕೆ, ಸ್ಕ್ರೂಗಳು ಬಿಗಿಯಾಗಿಯೇ ಸಿಗುವವರೆಗೆ ಬಿಚ್ಚುವುದು ಕ್ಷೇಮ.

ಇದಾದ ಮೇಲಿನ ಹೆಜ್ಜೆ ಎಲ್ಲರೂ ಅವಸರದಲ್ಲಿ ದಾಟಿಬಿಡುವಂಥದ್ದು, ಮತ್ತು ಇಡೀ ರಿಪೇರಿಯಲ್ಲಿ ಅತ್ಯಂತ ಮುಖ್ಯವಾದದ್ದು. ತೀರದ ಮರಳಿನಲ್ಲಿ ಎಳೆದು ಒಂದು ಮಗ್ಗುಲಿಗೆ ವಾಲಿಸಿ ಬಿಟ್ಟ ದೋಣಿ ತನ್ನ ಭಾರದಿಂದಲೇ ತಿರುಚಿಕೊಂಡಿರುತ್ತದೆ. ಡೆಕ್ಕಿನ ಹಿಡಿತ ತಪ್ಪಿದ ಒಡಲಿಗಂತೂ ತನ್ನ ಆಕಾರವನ್ನು ಕಾಯ್ದುಕೊಳ್ಳುವ ಶಕ್ತಿ ಕಡಿಮೆ. ಅದೇ ಸ್ಥಿತಿಯಲ್ಲಿ ಅಂಚನ್ನು ಬೆಸೆದರೆ ತಿರುಚು ಶಾಶ್ವತವಾಗಿ ಒಳಗೆ ಉಳಿದು, ದೋಣಿ ನೀರಿಗೆ ಇಳಿದು ನೆಟ್ಟಗಾಗಲು ಹೊರಟ ಗಳಿಗೆಯಿಂದಲೇ ಹೊಸ ಜೋಡಣೆಯನ್ನು ಎಳೆಯತೊಡಗುತ್ತದೆ. ಆದ್ದರಿಂದ ದೋಣಿಯನ್ನು ಗಟ್ಟಿ ನೆಲದ ಮೇಲೆ, ನಡುಬೆನ್ನಿನ ಕೆಳಗೆ ಮರದ ದಿಮ್ಮಿಗಳನ್ನೂ ಒಳಗಿನ ಅಡ್ಡಗೋಡೆಗಳಿರುವ ಜಾಗಗಳಲ್ಲಿ ಮಗ್ಗುಲಿನ ಆಸರೆಗಳನ್ನೂ ಕೊಟ್ಟು ನಿಲ್ಲಿಸಬೇಕು. ಮೂತಿಯ ತುದಿಯಿಂದ ಹಿಂಬದಿಯ ಎಡ ಮತ್ತು ಬಲ ಮೂಲೆಗಳಿಗೆ ದಾರ ಹಿಡಿದು ಎರಡು ಅಳತೆಗಳನ್ನೂ ಹೋಲಿಸಿ, ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಎರಡು ಮಗ್ಗುಲುಗಳ ಎತ್ತರವನ್ನು ಸರಿನೋಡಿ, ವ್ಯತ್ಯಾಸವಿದ್ದರೆ ಬೆಣೆ ಬಡಿದು ಸರಿಪಡಿಸಬೇಕು. ಆಕಾರ ಸರಿಯಾದಾಗ ಬಿರುಕು ಬಹುಮಟ್ಟಿಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಬಾರು ಹಾಕಿ ಜಗ್ಗಿದರೆ ಮಾತ್ರ ಕೂಡುವ ಅಂಚು, ಆಸರೆ ಇನ್ನೂ ತಪ್ಪಾಗಿದೆಯೆಂಬುದಕ್ಕೆ ಸಾಕ್ಷಿ.

ಹಳೆಯ ಅಂಟು, ಉಪ್ಪು, ಮೀನೆಣ್ಣೆ, ಡೀಸೆಲಿನ ಜಿಡ್ಡು ಇವುಗಳ ಮೇಲೆ ಯಾವ ರೆಸಿನೂ ಹಿಡಿಯುವುದಿಲ್ಲ. ಮೊದಲು ಸಿಹಿನೀರು ಮತ್ತು ಸೋಪಿನಿಂದ ತೊಳೆದು ಒಣಗಿಸಿ, ಅಸಿಟೋನಿನಿಂದ ಒರಸಿ, ಅನಂತರ ಗ್ರೈಂಡರಿನಿಂದ ಒರಟುಗೊಳಿಸುವುದು ಕ್ರಮ. ಒರಸುವ ಮೊದಲೇ ಗ್ರೈಂಡರ್ ಹಿಡಿದರೆ ಜಿಡ್ಡು ಗೀರುಗಳೊಳಗೆ ಇಳಿದುಹೋಗುವುದರಿಂದ ಈ ಅನುಕ್ರಮವನ್ನು ಬದಲಿಸಬಾರದು. ಜೆಲ್‌ಕೋಟು, ಹಳೆಯ ಬಣ್ಣ ಎರಡೂ ಹೋಗಿ ಗಾಜಿನ ಎಳೆ ಕಾಣುವವರೆಗೆ ಉಜ್ಜಬೇಕು. ಸ್ಕ್ರೂಗಳ ಹಿಗ್ಗಿದ ತೂತುಗಳನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ಎಂಬ ರಾಳವನ್ನು ಸಿಲಿಕಾ ಪುಡಿಯಿಂದ ಗಟ್ಟಿ ಮಾಡಿ ತುಂಬಿ, ಅದು ಒಣಗಿದ ಮೇಲೆ ಹೊಸ ತೂತುಗಳನ್ನು ಬೇರೆ ಜಾಗದಲ್ಲಿ ಕೊರೆಯುವುದು ವಾಡಿಕೆ.

ಯಾವ ರಾಳವನ್ನು ಬಳಸಬೇಕೆಂಬ ಆಯ್ಕೆ ಹಣದ ಪ್ರಶ್ನೆಯಾಗಿ ಕಾಣಿಸಿಕೊಂಡರೂ ಮೂಲತಃ ರಸಾಯನದ ಪ್ರಶ್ನೆ. ದೋಣಿ ಕಟ್ಟುವಾಗ ಹಸಿ ಪದರದ ಮೇಲೆ ಹಸಿ ಪದರ ಬೀಳುವುದರಿಂದ ಪಾಲಿಯೆಸ್ಟರ್ ಪದರಗಳು ಅಣುಮಟ್ಟದಲ್ಲಿ ಬೆಸೆದುಕೊಳ್ಳುತ್ತವೆ. ವರ್ಷಗಳ ಹಿಂದೆಯೇ ಗಟ್ಟಿಯಾದ ಹಳೆಯ ಪಾಲಿಯೆಸ್ಟರಿನ ಮೇಲೆ ಹೊಸದನ್ನು ಹಾಕಿದರೆ ಆ ಬೆಸುಗೆ ಉಂಟಾಗದೆ ಬರಿಯ ಅಂಟುವಿಕೆ ಮಾತ್ರ ಉಳಿಯುತ್ತದೆ. ಎಪಾಕ್ಸಿಗೆ ಅಂಟುವ ಗುಣ ಹೆಚ್ಚು, ಒಣಗುವಾಗ ಕುಗ್ಗುವಿಕೆ ಕಡಿಮೆ, ಒಡೆಯುವ ಮೊದಲು ಹಿಗ್ಗುವ ಶಕ್ತಿ ಹೆಚ್ಚು, ಬೆಲೆಯೂ ಹೆಚ್ಚೇ. ಜೋಡಣೆಯಂಥ ಕಿರಿದಾದ, ಬಲ ಹೊರುವ ಜಾಗದಲ್ಲಿ ಈ ಹೆಚ್ಚಿನ ಬೆಲೆ ತೆರುವುದು ಯೋಗ್ಯವೆನ್ನಲು ಅಡ್ಡಿಯಿಲ್ಲ. ಎಪಾಕ್ಸಿಯನ್ನು ಹಳೆಯ ಪಾಲಿಯೆಸ್ಟರಿನ ಮೇಲೆ ಹಾಕಬಹುದು, ಆದರೆ ಎಪಾಕ್ಸಿಯ ಮೇಲೆ ಪಾಲಿಯೆಸ್ಟರನ್ನು ಹಾಕಬಾರದು, ಅದು ಸರಿಯಾಗಿ ಹಿಡಿಯುವುದಿಲ್ಲ. ಮಾರುಕಟ್ಟೆಯ ಸಾಮಾನ್ಯ ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ ಕರಗುವಂಥದ್ದಾದ್ದರಿಂದ, ಸ್ಟೈರೀನ್ ಇಲ್ಲದ ಎಪಾಕ್ಸಿಯಲ್ಲಿ ಆ ಮ್ಯಾಟು ಮೆದುವಾಗದೆ ಸೆಟೆದು ನಿಲ್ಲುತ್ತದೆ. ನೇಯ್ದ ಅಥವಾ ಹೊಲಿದ ಗಾಜುಬಟ್ಟೆಯೇ ಎಪಾಕ್ಸಿಗೆ ತಕ್ಕ ಜೊತೆ.

ಋತುವಿನ ಮಾತು ಬರುವುದು ಇಲ್ಲಿಯೇ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ದೋಣಿಗಳು ದಡಕ್ಕೇರುವ ಆ ಬಿಡುವಿನಲ್ಲಿಯೇ ರಿಪೇರಿಗಳೆಲ್ಲ ನಡೆಯುತ್ತವೆ. ಪ್ರವಾಸಿ ದೋಣಿಗಳಿಗೂ ಅದೇ ವಿರಾಮಕಾಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಆ ಮಳೆಯ ಬಹುಪಾಲು ಬೀಳುವ ತಿಂಗಳುಗಳೂ ಇವೇ ಎಂಬುದು ರಿಪೇರಿಯ ದುರದೃಷ್ಟ. ಗಾಳಿಯ ತೇವ ಹೆಚ್ಚಿದ್ದಾಗ ಅನೇಕ ಎಪಾಕ್ಸಿ ಹಾರ್ಡ್‌ನರುಗಳಲ್ಲಿರುವ ಅಮೀನ್ ಎಂಬ ದ್ರವ್ಯ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಮೈಮೇಲೆ ಮೇಣದಂಥ ಲೋಳೆಯನ್ನು ಬಿಡುತ್ತದೆ. ಅದು ಬಣ್ಣವಿಲ್ಲದ್ದು, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಅದರ ಮೇಲೆ ಮುಂದಿನ ಪದರ ಹಾಕಿದರೆ ಎರಡರ ನಡುವೆ ಸುಲಿದುಬರುತ್ತದೆ. ಅಸಿಟೋನಿಗಿಂತ ಸಾದಾ ನೀರಿಗೇ ಅದು ಕರಗುವುದರಿಂದ, ಸ್ವಚ್ಛ ನೀರಿನಿಂದ ತೊಳೆದು, ಒಣಗಿಸಿ, ಮರಳುಕಾಗದದಿಂದ ಉಜ್ಜಿ ಮುಂದುವರಿಯಬೇಕು. ಸಾಧ್ಯವಾದವರು ಏಪ್ರಿಲ್ ಅಥವಾ ಮೇ ತಿಂಗಳಿನ ಒಣ ವಾರವೊಂದನ್ನು ಈ ಕೆಲಸಕ್ಕೆ ಬಿಟ್ಟುಕೊಟ್ಟರೆ, ಕಳೆದುಕೊಂಡ ದುಡಿಮೆಗಿಂತ ಉಳಿಸಿದ ದುಡಿಮೆ ಹೆಚ್ಚಾದೀತು. ಆಗದವರಿಗೆ ತಾಡಪಾಲಿನ ಚಪ್ಪರ ಸಾಲದು. ಮೂರು ಮಗ್ಗುಲು ಮುಚ್ಚಿದ ಶೆಡ್ಡು ಬೇಕು.

ತೇವದ ಈ ತೊಂದರೆಗೆ ಪರಿಹಾರದ ಒಂದು ಎಳೆ ಜಿಲ್ಲೆಯ ಒಳನಾಡಿನಿಂದಲೇ ಹೊರಡುತ್ತದೆ. ಕಡಲಿನಿಂದ ದೂರ, ಘಟ್ಟದ ಬುಡದ ಕಡೆಗಿರುವ ಕಾರ್ಕಳ ಮತ್ತು ಅದರ ಸುತ್ತಿನ ಊರುಗಳು ಗೇರುಬೀಜದ ಕಾರ್ಖಾನೆಗಳಿಗೆ ಹೆಸರಾದವು. ಬೀಜದ ಸಿಪ್ಪೆಯಲ್ಲಿರುವ, ಕೈಗೆ ತಗುಲಿದರೆ ಚರ್ಮ ಸುಡುವ ಕಪ್ಪು ಎಣ್ಣೆಯನ್ನು ಹಿಂದೆ ಮರದ ದೋಣಿಗಳಿಗೆ ಬಳಿಯುತ್ತಿದ್ದರು; ಹುಳವನ್ನೂ ಕೊಳೆತವನ್ನೂ ಅದು ದೂರವಿಡುತ್ತಿತ್ತು. ಈ ಎಣ್ಣೆಯನ್ನು ಕಾಯಿಸಿ ಶುದ್ಧೀಕರಿಸಿದಾಗ ದೊರೆಯುವ ಕಾರ್ಡನಾಲ್ ಎಂಬ ದ್ರವ್ಯದಿಂದ ಫೀನಾಲ್ಕಮೀನ್ ಎಂಬ ಜಾತಿಯ ಎಪಾಕ್ಸಿ ಹಾರ್ಡ್‌ನರುಗಳನ್ನು ಇಂದು ತಯಾರಿಸಲಾಗುತ್ತದೆ. ತೇವವಿರುವ ಮೈಯ ಮೇಲೂ ಇವು ಗಟ್ಟಿಯಾಗುತ್ತವೆ, ಲೋಳೆ ಬಿಡುವುದು ಕಡಿಮೆ, ಉಪ್ಪುನೀರನ್ನು ಚೆನ್ನಾಗಿ ತಾಳುತ್ತವೆ. ಹಡಗುಗಳಿಗೆ ಬಳಿಯುವ ಎಪಾಕ್ಸಿ ಬಣ್ಣಗಳಲ್ಲಿ ಇವುಗಳ ಬಳಕೆ ಪ್ರಪಂಚದಾದ್ಯಂತ ಇದೆ. ಬಣ್ಣಕ್ಕೆಂದು ತಯಾರಿಸಿದ್ದನ್ನು ಗಾಜುಬಟ್ಟೆಗೆ ಉಣಿಸುವ ರಾಳವಾಗಿ ನೇರವಾಗಿ ಬಳಸುವಂತಿಲ್ಲವೆಂಬುದು ನಿಜ. ಜೋಡಣೆಯ ಒಳಮೈಯನ್ನು ಕೊನೆಯಲ್ಲಿ ಮುಚ್ಚುವ ಲೇಪನವಾಗಿ ಅದನ್ನು ಮಳೆಗಾಲದಲ್ಲಿಯೂ ಧೈರ್ಯದಿಂದ ಬಳಸಬಹುದು.

ಸಂದಿಯೊಳಗೆ ಗಟ್ಟಿ ಎಪಾಕ್ಸಿಯನ್ನು ತುಂಬಿ ಕ್ಲಾಂಪುಗಳಿಂದ ಹಿತವಾಗಿ ಹಿಡಿದ ಮೇಲೆ ಒಳಗಿನಿಂದ ಗಾಜುಬಟ್ಟೆಯನ್ನು ಹಾಕುವ ಕೆಲಸ ಬರುತ್ತದೆ. ಕ್ಲಾಂಪನ್ನು ಬಲವಾಗಿ ಬಿಗಿದರೆ ಅಂಟೆಲ್ಲ ಹೊರಗೆ ಹಿಂಡಿಹೋಗಿ ಒಣ ಸಂದಿ ಉಳಿಯುತ್ತದೆ. ಬಟ್ಟೆಯ ಎಳೆಗಳು ದೋಣಿಯ ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಎರಡೂ ದಿಕ್ಕಿಗೆ ಸಾಗುವಂಥದ್ದನ್ನು ಆರಿಸಬೇಕು, ಏಕೆಂದರೆ ತಿರುಚುವ ಬಲ ಜೋಡಣೆಯ ಮೇಲೆ ಹರಿಯುವುದು ಓರೆಯಾಗಿಯೇ. ನೆಟ್ಟಗೆ ಹಾಸಿದ ಎಳೆಗಳು ಈ ಕೆಲಸಕ್ಕೆ ಅಷ್ಟಾಗಿ ಒದಗುವುದಿಲ್ಲ. ಒಳಮೂಲೆಯ ಕೋನವನ್ನು ಮೊದಲು ಪುಟ್ಟಿಯಿಂದ ದುಂಡಾಗಿಸಿ, ಕಿರಿದಾದ ಪಟ್ಟಿಯ ಮೇಲೆ ಅಗಲವಾದ ಪಟ್ಟಿಯನ್ನು ಹಾಕುತ್ತ ಹೋದರೆ ದಪ್ಪ ಒಮ್ಮೆಲೇ ಮುಗಿಯದೆ ಕ್ರಮೇಣ ತೆಳುವಾಗುತ್ತದೆ. ಹೊರಗಿನಿಂದ ಒಡೆದ ಭಾಗವನ್ನು ಕಟ್ಟುವಾಗ ಪದರದ ದಪ್ಪ ಒಂದಿದ್ದರೆ ಇಳಿಜಾರು ಹನ್ನೆರಡು ಇರಬೇಕೆಂಬುದು ಈ ವೃತ್ತಿಯ ಬಹುಕಾಲದ ಲೆಕ್ಕ. ಇಂಥ ಬಹುಪದರ ವಸ್ತುಗಳ ನಡವಳಿಕೆಯನ್ನು 1957ರಲ್ಲಿ ಸ್ಥಾಪನೆಯಾದ ಮಣಿಪಾಲದ ತಾಂತ್ರಿಕ ಮಹಾವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಪಾಠವಾಗಿ ಓದುತ್ತಾರೆ. ಅಲ್ಲಿಂದ ಮಲ್ಪೆಯ ದಕ್ಕೆಗೆ ಹತ್ತು ಕಿಲೋಮೀಟರಿನ ಆಸುಪಾಸಿನ ದೂರ. ಫೈಬರ್ ಮೇಸ್ತ್ರಿಗಳ ಕೈಯ ಅನುಭವವೂ ಆ ಪಾಠವೂ ಒಂದೇ ಶೆಡ್ಡಿನಲ್ಲಿ ಸೇರಿದರೆ ಇಬ್ಬರಿಗೂ ಕಲಿಯುವುದಿದೆ.

ಎಪಾಕ್ಸಿಯ ಎರಡು ಭಾಗಗಳನ್ನು ತಯಾರಕರು ಹೇಳಿದ ಪ್ರಮಾಣದಲ್ಲಿಯೇ ತೂಗಿ ಬೆರೆಸಬೇಕು; ಬೇಗ ಒಣಗಲೆಂದು ಹಾರ್ಡ್‌ನರ್ ಹೆಚ್ಚು ಹಾಕಿದರೆ ಅದು ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ಪಾಲಿಯೆಸ್ಟರ್ ಬಳಸುವವರಿಗೆ ಹಾರ್ಡ್‌ನರನ್ನು ರೆಸಿನಿನ ತೂಕದ ಶೇಕಡಾ 1ರಿಂದ 2ರ ನಡುವೆ ಹೆಚ್ಚು ಕಡಿಮೆ ಮಾಡುವ ಸ್ವಾತಂತ್ರ್ಯವಿದೆ, ಆದರೆ ಅಲ್ಲಿ ಅಪಾಯ ಬೇರೆ. ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್ ಎಂಬ ಆ ದ್ರವವನ್ನೂ, ರೆಸಿನಿಗೆ ವೇಗ ಕೊಡುವ ಕೋಬಾಲ್ಟ್ ದ್ರವವನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸ್ಫೋಟವಾಗುತ್ತದೆ. ಒಂದನ್ನು ರೆಸಿನಿನಲ್ಲಿ ಪೂರ್ತಿ ಕಲಸಿದ ಬಳಿಕವೇ ಇನ್ನೊಂದನ್ನು ಹಾಕಬೇಕು. ಪೆರಾಕ್ಸೈಡಿನ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೆ ಶಾಶ್ವತ ಹಾನಿಯಾಗಬಹುದಾದ್ದರಿಂದ, ತಕ್ಷಣ ಹರಿಯುವ ನೀರಿನಲ್ಲಿ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ತೊಳೆದು, ಆ ಮೇಲೆ ಆಸ್ಪತ್ರೆಗೆ ಹೊರಡಬೇಕು. ಮೊದಲು ಆಸ್ಪತ್ರೆ, ಆ ಮೇಲೆ ನೀರು ಎಂಬ ಗಡಿಬಿಡಿ ಕಣ್ಣನ್ನು ಕಳೆಯುತ್ತದೆ. ಗ್ರೈಂಡರ್ ಹಿಡಿದವರು ಮೂಗಿಗೆ ಬೈರಾಸು ಕಟ್ಟಿಕೊಂಡು ಕೂರುವುದು ಎಲ್ಲೆಡೆ ಕಾಣುವ ದೃಶ್ಯ. ಗಾಜಿನ ಸೂಕ್ಷ್ಮ ದೂಳನ್ನು ಆ ಬಟ್ಟೆ ತಡೆಯುವುದಿಲ್ಲ.

ಬೋಲ್ಟುಗಳ ಸರದಿ ಇನ್ನು. ತೆಳುವಾದ ಫೈಬರಿನಲ್ಲಿ ಸ್ಕ್ರೂವಿನ ಒಂದೆರಡು ಸುತ್ತುಗಳಿಗೆ ಮಾತ್ರ ಹಿಡಿತ ದೊರೆಯುವುದರಿಂದ, ಒಳಗೆ ಕೈ ಹೋಗುವ ಕಡೆಗಳಲ್ಲೆಲ್ಲ ಆರುಪಾರಾಗಿ ಹಾಯುವ ಬೋಲ್ಟು, ಒಳಗೆ ಅಗಲವಾದ ವಾಷರು ಅಥವಾ ಉದ್ದನೆಯ ಪಟ್ಟಿ ಹಾಕುವುದು ಸರಿಯಾದ ವಿಧಾನ. 10ರಿಂದ 15 ಸೆಂಟಿಮೀಟರಿಗೆ ಒಂದರಂತೆ ಹಾಕಿದರೆ ಸಾಮಾನ್ಯ ದೋಣಿಗೆ ಸಾಕು. ಅಂಗಡಿಯಲ್ಲಿ ಸ್ಟೇನ್‌ಲೆಸ್ ಎಂದು ಕೊಡುವುದು ಹೆಚ್ಚಾಗಿ 304 ದರ್ಜೆಯದು; ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಮ್ ಸೇರಿದ 316 ದರ್ಜೆಯೇ ಉಪ್ಪುನೀರಿಗೆ ತಕ್ಕದ್ದು. ಅದೂ ಗಾಳಿ ಸೋಂಕದ ಒದ್ದೆ ಸಂದಿಯೊಳಗೆ ಹೊರಗೆ ಕಾಣದಂತೆ ಸವೆಯಬಲ್ಲದಾದ್ದರಿಂದ ಪ್ರತಿ ಬೋಲ್ಟಿನ ತಲೆಯ ಕೆಳಗೂ ಅಂಟು ಹಚ್ಚಬೇಕು.

ಒಳಗಿನಿಂದ ಕೈ ಹೋಗದಂತೆ ಒಳಮೈಯನ್ನು ಮುಚ್ಚಿ ಕಟ್ಟಿದ ಪ್ರವಾಸಿ ದೋಣಿಗಳಲ್ಲಿ ಗಾಜುಬಟ್ಟೆಯ ಮಾರ್ಗ ಸಾಧ್ಯವಿಲ್ಲದಿದ್ದರೆ, ಬಳುಕುವ ಜೋಡಣೆಯನ್ನು ಆರಿಸಿ, ಅಂಚಿನ ಸುತ್ತಳತೆ ಪೂರ್ತಿಗೂ ಅದನ್ನೇ ಅನ್ವಯಿಸಬೇಕಾಗುತ್ತದೆ. ದೋಣಿಗೆಂದೇ ತಯಾರಾದ ಪಾಲಿಯುರೆಥೇನ್ ಅಂಟು ಇದಕ್ಕೆ ಒದಗುತ್ತದೆ. ಗಾಳಿಯ ತೇವವನ್ನು ಹೀರಿಯೇ ಗಟ್ಟಿಯಾಗುವ ಗುಣ ಅದಕ್ಕಿರುವುದರಿಂದ ಎಪಾಕ್ಸಿಯನ್ನು ಕಾಡುವ ಆಷಾಢದ ಹವೆ ಇದಕ್ಕೆ ನೆರವಾಗುತ್ತದೆ. ಮೈ ಮಾತ್ರ ಹಚ್ಚುವಾಗ ಒಣಗಿರಬೇಕು. ಬೋಲ್ಟುಗಳನ್ನು ಮೊದಲು ಅರ್ಧ ಬಿಗಿದು, ಅಂಟು ರಬ್ಬರಿನ ಹದಕ್ಕೆ ಬಂದ ಮೇಲೆ ಪೂರ್ತಿ ಬಿಗಿದರೆ ಎರಡು ಅಂಚುಗಳ ನಡುವೆ ಬಳುಕುವಷ್ಟು ದಪ್ಪದ ಪದರ ಉಳಿಯುತ್ತದೆ.

ಹೊರಗಿನ ಪಟ್ಟಿಯನ್ನು ಮರಳಿ ಕೂರಿಸುವಾಗ ಅದರ ಸ್ಕ್ರೂಗಳು ಹೊಸ ಜೋಡಣೆಯನ್ನು ತೂರಿ ಮತ್ತೆ ತೂತು ಮಾಡುವುದರಿಂದ, ಒಂದೊಂದು ತೂತಿಗೂ ಅಂಟು ತುಂಬಿಯೇ ಸ್ಕ್ರೂ ಹಾಕಬೇಕು. ಪಟ್ಟಿಯ ಕೆಳಂಚನ್ನು ಮುಚ್ಚದೆ ಬಿಟ್ಟರೆ ಒಳಹೊಕ್ಕ ನೀರಿಗೆ ಹೊರಬರಲು ದಾರಿ ಇರುತ್ತದೆ. ನೀರಿನ ಪೈಪಿನ ಪರೀಕ್ಷೆಯನ್ನು ಮತ್ತೆ ನಡೆಸಿದ ಮೇಲೂ ಕೆಲಸ ಪೂರ್ತಿಯಾಗುವುದಿಲ್ಲ, ದಡದಲ್ಲಿ ನಿಂತ ದೋಣಿ ತಿರುಚಿಕೊಳ್ಳುವುದಿಲ್ಲವಲ್ಲ. ಜೋಡಣೆಯ ಎರಡು ಕಡೆಗೂ ಹಾಯುವಂತೆ ಪೆನ್ಸಿಲಿನಿಂದ ಅಲ್ಲಲ್ಲಿ ಅಡ್ಡಗೆರೆ ಎಳೆದು, ಖಾಲಿ ದೋಣಿಯನ್ನು ಸಾಧಾರಣ ಅಲೆಯಿರುವ ದಿನ ಅಳಿವೆ ದಾಟಿಸಿ ತಂದು ನೋಡಿದಾಗ, ಬಿಗಿ ಜೋಡಣೆಯಲ್ಲಿ ಗೆರೆಯ ಎರಡು ಅರ್ಧಗಳು ಕದಲದೆ ಒಂದೇ ನೇರದಲ್ಲಿರಬೇಕು. ಕದಲಿದ್ದರೆ ಆಸರೆ ಕೊಟ್ಟು ಆಕಾರ ನೋಡುವ ಹೆಜ್ಜೆಗೆ ಮರಳುವುದಲ್ಲದೆ ಬೇರೆ ದಾರಿಯಿಲ್ಲ.

ಎಲ್ಲ ದೋಣಿಗಳೂ ಇಷ್ಟು ಶ್ರಮಕ್ಕೆ ಯೋಗ್ಯವಲ್ಲ. ಇಂಜಿನ್ ತೂಗುವ ಹಿಂಬದಿಯ ಹಲಗೆಯೊಳಗಿನ ಪ್ಲೈವುಡ್ಡು ಕೊಳೆತು ಮೆತ್ತಗಾಗಿದ್ದರೆ, ಡೆಕ್ಕಿನ ಅರ್ಧಕ್ಕಿಂತ ಹೆಚ್ಚು ಭಾಗ ತುಳಿದಾಗ ತಗ್ಗುತ್ತಿದ್ದರೆ, ಒಡಲಿನೊಳಗಿನ ಉದ್ದಗಳುಗಳೇ ತಳದಿಂದ ಬಿಟ್ಟಿದ್ದರೆ, ಅಂಚನ್ನು ಬೆಸೆಯುವ ಮೊದಲು ಈ ಮೂರನ್ನೂ ಕಟ್ಟಬೇಕು. ಮೂರನ್ನೂ ಕಟ್ಟುವ ವೆಚ್ಚವನ್ನು ಹೊಸ ಒಡಲಿನ ಬೆಲೆಯೊಡನೆ ಹೋಲಿಸಿ ನೋಡಿ, ಹಳೆಯದರ ಇಂಜಿನ್ ಬಿಚ್ಚಿಕೊಂಡು ಹೊಸ ಒಡಲಿಗೆ ತೂಗುವುದನ್ನೇ ಅನೇಕ ಮಾಲೀಕರು ಆರಿಸಿಕೊಳ್ಳುತ್ತಾರೆ. ಗಟ್ಟಿಯಾದ ಪಾಲಿಯೆಸ್ಟರನ್ನು ಕರಗಿಸಿ ಮತ್ತೆ ಅಚ್ಚಿಗೆ ಹಾಕಲು ಬಾರದು, ಸುಟ್ಟರೆ ವಿಷದ ಹೊಗೆ. ಬಿಟ್ಟುಹೋದ ಹಳೆಯ ಒಡಲುಗಳು ತೀರದ ಗಾಳಿಮರಗಳ ಕೆಳಗೆ ಮಳೆನೀರು ತುಂಬಿಕೊಂಡು ಸೊಳ್ಳೆ ಸಾಕುತ್ತ ಬಿದ್ದಿರುತ್ತವೆ, ಅವನ್ನು ಕತ್ತರಿಸಿ ಸಾಗಿಸುವ ಖರ್ಚನ್ನು ಹೊಸ ದೋಣಿಯ ಲೆಕ್ಕಕ್ಕೆ ಸೇರಿಸುವವರು ವಿರಳ.